ಎವರ್‌ಶೆಡ್ ವೀ-ಮೆಗ್ಗರ್: ಭಂಗಾರ (ಗುಜರಿ) ಅಂಗಡ್ಯಾಗ ಸಿಕ್ಕ ಹಳೇ ಮೆಗ್ಗರ್, ಒಂದ್ ವರ್ಷ ಬಳಸಿದ ಮ್ಯಾಲ ನನ್ನ ರಿವ್ಯೂ

ಈ ಸಾಮಾನಿನ ಬಗ್ಗೆ ಕನ್ನಡದಾಗ ಎಷ್ಟ್ ಹುಡುಕಿದ್ರೂ ಒಂದ್ ಸಾಲೂ ಸಿಗಲಿಲ್ಲ ನನಗ, ಅದಕ್ಕ ನಾನೇ ಬರೀಬೇಕಂತ ಕುಂತೀನಿ. ಉದ್ದ ಆಗ್ತದ, ಆದ್ರ ವೈಂಡಿಂಗ್ ಕೆಲಸ, ವೈರಿಂಗ್ ಕೆಲಸ ಮಾಡೋರು ಪೂರಾ ಓದ್ರಿ, ನಿಮ್ಮ ಅಂಗಡಿ ಅಟ್ಟದ ಮ್ಯಾಲೂ ಇಂಥಾದೊಂದು ಬಿದ್ದಿರಬಹುದು.

ಸಾಮಾನು ಅಂದ್ರ ಕೈಲೆ ತಿರುವೋ ಮೆಗ್ಗರ್, ವೈರಿನಾಗ, ಮೋಟರಿನ ವೈಂಡಿಂಗಿನಾಗ ಕರೆಂಟ್ ಸೋರ್ತದೋ ಇಲ್ಲೋ ಅಂತ ನೋಡೋ ಮೀಟರ್. ಹೆಸರು ವೀ-ಮೆಗ್ಗರ್, 500 ವೋಲ್ಟಿಂದು, ಕಂಪನಿ ಎವರ್‌ಶೆಡ್ ಅಂಡ್ ವಿನ್ಯೋಲ್ಸ್, ಲಂಡನ್. ಕಲಬುರಗಿ ಸ್ಟೇಷನ್ ಕಡೀ ಒಂದು ಭಂಗಾರ ಅಂಗಡ್ಯಾಗ ಸಿಕ್ತು. ನಾನು ಹೋಗಿದ್ದು ಹಳೇ ಸ್ಟಾರ್ಟರಿನ ಕಾಂಟ್ಯಾಕ್ಟ್ ಹುಡುಕ್ಲಾಕ, ಗೋಣಿಚೀಲದಾಗ ಸುಟ್ಟ ಮೋಟರಿನ ತಾಮ್ರ, ಮುರಿದ ಮೀಟರು ಎಲ್ಲಾ ಕೂಡಿಸಿ ಹಾಕಿದ್ರು, ಅದ್ರ ನಡುವ ಕರೀ ಬೇಕಲೈಟ್ ಡಬ್ಬಿ ಒಂದು, ಬಾಜೂಕ ಮಡಚೋ ಹಿಡಿಕಿ, ತೊಗಲಿನ ಪಟ್ಟಿ ಅರ್ಧ ಹರದದ. ಅಂಗಡಿ ಚಾಚಾ ಎಲ್ಲೋ ಬಂದಾದ ಫ್ಯಾಕ್ಟರಿ ಸ್ಟೋರಿನ ಮಾಲ್ ಇದು ಅಂದ್ರು. ತೂಕದ ಲೆಕ್ಕಕ್ಕ ಕೊಡ್ರಿ ಚಾಚಾ ಅಂದೆ, ಇಂಗ್ಲೆಂಡಿಂದು ಅಂತ ಬರದದ ನೋಡ್ರಿ ಸಾಬ್ ಅಂತ ಅವರು ಕೇಳ್ಲೇ ಇಲ್ಲ, ಕಡೀಕ 1,800 ರೂಪಾಯಿಗೆ ಬಂತು. ಇದಕ್ಕೂ ಮೊದ್ಲು ಆನ್‌ಲೈನ್‌ನಾಗ ಒಬ್ಬ ಮಾರೋನ ಹತ್ರ ಇಂಥಾದೇ ಒಂದು ತರಿಸಿ ಮೋಸ ಹೋಗಿದ್ದೆ, ಫೋಟೋದಾಗ ಚಂದ ಇತ್ತು, ಬಂದಮ್ಯಾಲ ನೋಡಿದ್ರ ಒಳಗ ಮುಳ್ಳೇ ಮುರದಿತ್ತು, ರೊಕ್ಕ ವಾಪಸ್ ಬರಲಿಲ್ಲ. ಅದಕ್ಕೇ ಹೇಳ್ತೀನಿ, ಹಳೇ ಮೆಗ್ಗರ್ ಕೈಯಾಗ ಹಿಡ್ದು ತಿರುವಿ ನೋಡ್ದೆ ತಗೋಬ್ಯಾಡ್ರಿ.

ಮನೀಗಿ ತಂದಾಗ ಅಪ್ಪ ದೂರದಿಂದ್ಲೇ ಗುರುತು ಹಿಡದ್ರು. "ಲೇ ತಮ್ಮಾ, ಇದು ಶೆಡ್ಡಿನ ಮೆಗ್ಗರ್ ಅಲ್ಲೇನೋ" ಅಂದ್ರು. ಅಪ್ಪ 40 ವರ್ಷ ಮೋಟರ್ ರಿವೈಂಡಿಂಗ್ ಮಾಡಿದವರು. ಅವರು ಕೆಲಸ ಕಲಿತ ಅಂಗಡಿ ಉಸ್ತಾದರ ಹತ್ರ ಇದೇ ನಮೂನಿದು ಒಂದಿತ್ತಂತ, ಅದ್ರ ಮುಖದ ಮ್ಯಾಲ ಇಂಗ್ಲಿಷ್‌ನಾಗ ಎವರ್‌ಶೆಡ್ ಅಂತ ಇದ್ದಿದ್ದು ನೋಡಿ ಎಲ್ಲಾರೂ ಇದು ರೈಲ್ವೆ ಶೆಡ್ಡಿಂದ ಬಂದ ಮಾಲ್ ಅಂತ ನಂಬಿದ್ರು. ವಾಡಿ ಜಂಕ್ಷನ್ ಹತ್ರ ಇದ್ದವರಿಗೆ ಹಂಗ ಅನ್ಸೋದು ಸಹಜ ಅದರಿ, 1874ರಾಗ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಲೈನ್ ಶುರು ಆದಾಗಿಂದ ನಮ್ ಕಡೀ ಇಂಗ್ಲೆಂಡಿನ ಕಬ್ಬಿಣದ ಸಾಮಾನು ಬಂದಿದ್ದೆಲ್ಲಾ ರೈಲ್ವೆದೇ ಅನ್ನೋ ಮಾತು ಅದ. ನನಗೂ ಅವತ್ತಿನ ತನಕ ಅದು ಶೆಡ್ಡೇ. ಇದ್ಯಾವ ಶೆಡ್ಡು, ಎಲ್ಲಿ ಶೆಡ್ಡು ಅಂತ ಹುಡುಕ್ಲಾಕ ಶುರು ಮಾಡಿದ್ದು ಹಿಂಗ.

ಶೆಡ್ ಅಲ್ರಿ ಅದು, ಮನುಷ್ಯನ ಹೆಸರು. ಸಿಡ್ನಿ ಎವರ್‌ಶೆಡ್ ಅಂತ ಇಂಗ್ಲೆಂಡಿನ ಇಂಜಿನಿಯರ್. ಮನಿಗೆ, ಕಾರ್ಖಾನಿಗೆ ಆಗಿನ್ನೂ ಹೊಸದಾಗಿ ಕರೆಂಟ್ ದೀಪ ಬರ್ಲಾಕತ್ತಿದ್ದ ಕಾಲ, ವೈರಿಗೆ ಅರಿವಿ ಮತ್ತ ರಬ್ಬರ್ ಸುತ್ತೋದು, ಅದು ಎಲ್ಲಿ ಕರಗ್ತದೋ ಎಲ್ಲಿ ಬೆಂಕಿ ಹತ್ತತದೋ ಹೇಳ್ಲಾಕ ಆಗ್ತಿದ್ದಿಲ್ಲ, ಅಂಥಾ ಟೈಮಿನಾಗ 1889ರಾಗ ಈ ಮನುಷ್ಯ ಕೈಯಾಗ ಒಯ್ದು ಇನ್ಸುಲೇಷನ್ (ಕರೆಂಟ್ ಸೋರದಂಗ ವೈರಿಗೆ ಸುತ್ತಿದ ಹೊದಿಕಿ) ಚೆಕ್ ಮಾಡೋ ಸೆಟ್ ಮಾಡ್ದ. ಆಗ ಎರಡು ಡಬ್ಬಿ ಇರ್ತಿದ್ವು, ಕೈಲೆ ತಿರುವೋ ಜನರೇಟರ್ ಒಂದು, ಕರೆಂಟಿಗೆ ಎಷ್ಟು ತಡೆ ಅದ ಅಂತ ಅಳಿಯೋ ಓಮ್ ಮೀಟರ್ ಒಂದು. ಇವನು ಇದ್ದ ಕಂಪನಿಯ ಮೀಟರ್ ಮಾಡೋ ವ್ಯವಹಾರನ 1895ರಾಗ ಇವನೂ ಅರ್ನೆಸ್ಟ್ ವಿನ್ಯೋಲ್ಸ್ ಅನ್ನೋನೂ ಕೂಡಿ ತಗೊಂಡ್ರು, ಅದೇ ಎವರ್‌ಶೆಡ್ ಅಂಡ್ ವಿನ್ಯೋಲ್ಸ್. ಆಮ್ಯಾಲ ಎರಡು ಡಬ್ಬಿ ಕೂಡಿ ಒಂದೇ ಡಬ್ಬಿ ಆಯ್ತು, ಆ ಒಂದ್ ಡಬ್ಬಿಗೆ ಇಟ್ಟ ಹೆಸರೇ ಮೆಗ್ಗರ್. 1903ರಾಗ ಟ್ರೇಡ್‌ಮಾರ್ಕ್ ಮಾಡಿಸ್ಯಾರ. ಅಂದ್ರ ಮೆಗ್ಗರ್ ಅನ್ನೋದು ಸಾಮಾನಿನ ಹೆಸರಲ್ಲ, ಬ್ರ್ಯಾಂಡಿನ ಹೆಸರು. ನಾವು ಯಾವ ಕಂಪನಿ ಇನ್ಸುಲೇಷನ್ ಟೆಸ್ಟರ್ ಇದ್ರೂ ಮೆಗ್ಗರ್ ಹಚ್ಚು, ಮೆಗ್ಗರ್ ಎಷ್ಟ್ ಬಂತು ಅಂತೀವಲ್ಲ, ಗಂಜ್‌ನಾಗಿನ ದಾಲ್ ಮಿಲ್ ಮಾಲಕನೂ ಅಂತಾನ, ಐಟಿಐ ಹುಡುಗನೂ ಅಂತಾನ, ಅದು 120 ವರ್ಷದ ಹಿಂದ ಲಂಡನ್ನಿನಾಗ ಒಂದು ಕಂಪನಿ ರಿಜಿಸ್ಟರ್ ಮಾಡಿಸಿದ ಹೆಸರು. ಹೆಸರು ಉಳೀತು, ಹೆಸರಿಟ್ಟವರು ಯಾರಂತ ನಮ್ಮ ಲೈನಿನಾಗ ಯಾರಿಗೂ ಗೊತ್ತಿಲ್ಲ. ನನಗ ಇದು ಭಾಳ ಮನಸ್ಸಿಗೆ ಹತ್ತಿತು.

ಹಿಂಗೇ ಇನ್ನೊಂದು ಅದ. ಹಳೇ ಮಂದಿ ಮಲ್ಟಿಮೀಟರಿಗೆ ಆವೋ ಮೀಟರ್ ಅಂತಾರಲ್ಲ, ಅದೂ ಬ್ರ್ಯಾಂಡೇ, ಆಂಪಿಯರ್ ವೋಲ್ಟ್ ಓಮ್ ಮೂರರ ಮೊದಲ ಅಕ್ಷರ ಕೂಡಿಸಿದ್ದು. ಡೊನಾಲ್ಡ್ ಮೆಕೇಡಿ ಅಂತ ಬ್ರಿಟಿಷ್ ಪೋಸ್ಟ್ ಆಫೀಸಿನ ಇಂಜಿನಿಯರ್, ಟೆಲಿಫೋನ್ ಲೈನ್ ಕೆಲಸಕ್ಕ ಮೂರ್ನಾಲ್ಕು ಮೀಟರ್ ಹೊತ್ತು ಹೊತ್ತು ಸಾಕಾಗಿ ಎಲ್ಲಾ ಒಂದ್ರಾಗೇ ಹಾಕಿ 1923ರಾಗ ತಂದದ್ದು. ಮುಂದ ಆವೋ, ಮೆಗ್ಗರ್ ಎರಡೂ ಒಂದೇ ಕಂಪನಿ ಕೆಳಗ ಬಂದ್ವು, ಈಗ ಮೆಗ್ಗರ್ ಅನ್ನೋ ಹೆಸರಿಲೇ ಇಂಗ್ಲೆಂಡಿನ ಡೋವರ್‌ನಾಗ ನಡೀಲಾಕತ್ತದ.

ನಂದು ಯಾವ ಕಾಲದ್ದು ಅಂತ ಗೊತ್ತು ಮಾಡ್ಕೊಳ್ಳಾಕ ಒಂದು ಚಲೋ ಸುಳಿವು ಸಿಕ್ತು, ನಿಮಗೂ ಉಪಯೋಗ ಆಗ್ತದ. ಡಬ್ಬಿ ಜೊತಿ ಇದ್ದ ಸೂಚನೆ ಕಾಗದದ ಮ್ಯಾಲ ಆಕ್ಟನ್ ಲೇನ್ ವರ್ಕ್ಸ್, ಚಿಸಿಕ್, ಲಂಡನ್ ಡಬ್ಲ್ಯೂ 4 ಅಂತ ಅಡ್ರೆಸ್ ಅದ. ಲಂಡನ್ನಿನ ಅಂಚೆ ವಿಭಾಗಕ್ಕ ಹಿಂಗ ನಂಬರ್ ಹಚ್ಚಿದ್ದು 1917ರಾಗ, ಮೊದಲ್ನೇ ಮಹಾಯುದ್ಧದ ಟೈಮ್. ಅಂದ್ರ ಆ 4 ಇದ್ರ ಆ ಕಾಗದ 1917ರ ಹಿಂದಿಂದು ಇರ್ಲಾಕ ಸಾಧ್ಯನೇ ಇಲ್ಲ. ಬರೇ ಒಂದ್ ಅಂಕಿ ಇಷ್ಟ್ ಹೇಳ್ತದ ನೋಡ್ರಿ! ಅದಕ್ಕ ಹಳೇ ಸಾಮಾನಿನ ಕಾಗದ, ತಗಡಿನ ಪಟ್ಟಿ ತಿಕ್ಕಿ ತೊಳೀಬ್ಯಾಡ್ರಿ, ಮೊದ್ಲು ಫೋಟೋ ಹೊಡ್ಕೋರಿ.

ಇನ್ನ ಕೆಲಸದ ಮಾತಿಗಿ ಬರ್ತೀನಿ. ಈ ಮೆಗ್ಗರ್ ಸುಮ್ಮನ ಇಟ್ಟಾಗ ಮುಳ್ಳು ನೋಡ್ರಿ, ಸೊನ್ನಿ ಮ್ಯಾಲೂ ಇಲ್ಲ, ಕೊನೀಗೂ ಇಲ್ಲ, ಎಲ್ಲೋ ನಡುವ ನಿಂತಿರ್ತದ, ಡಬ್ಬಿ ವಾಲಿಸಿದ್ರ ಇನ್ನೊಂದ್ ಕಡೀ ಹೋಗಿ ನಿಲ್ತದ. ಮೊದಲ್ನೇ ದಿನ ನಾನು ಕೆಟ್ಟದ ಅಂತ ತಿಳ್ದಿದ್ದೆ. ಕೆಟ್ಟಿಲ್ರಿ, ಇದಕ್ಕ ಸ್ಪ್ರಿಂಗೇ ಇಲ್ಲ, ಎವರ್‌ಶೆಡ್ ಮಾಡಿದ ದೊಡ್ಡ ಕೆಲಸ ಇದೇ. ಒಂದೇ ಅಚ್ಚಿನ ಮ್ಯಾಲ ಓರೆಯಾಗಿ ಎರಡು ಕಾಯಿಲ್ ಕೂಡಿಸ್ಯಾರ, ಒಂದ್ರಾಗ ಜನರೇಟರಿನ ವೋಲ್ಟೇಜಿನ ಲೆಕ್ಕಕ್ಕ ಕರೆಂಟ್ ಹರೀತದ, ಇನ್ನೊಂದ್ರಾಗ ನೀವು ಚೆಕ್ ಮಾಡೋ ವೈಂಡಿಂಗಿನಾಗಿಂದ ಸೋರಿ ಬಂದ ಕರೆಂಟ್ ಹರೀತದ, ಎರಡೂ ಒಂದಕ್ಕೊಂದು ವಿರುದ್ಧ ಜಗ್ತಾವ, ಜಗ್ಗಾಟ ಸರಿ ಆದ ಜಗಾದಾಗ ಮುಳ್ಳು ನಿಲ್ತದ. ಹಿಡಿಕಿ ಜೋರಾಗಿ ತಿರುವಿದ್ರ ಎರಡೂ ಕಡೀ ಕರೆಂಟ್ ಸಮ ಏರ್ತದ, ಮೆಲ್ಲಕ ತಿರುವಿದ್ರ ಎರಡೂ ಸಮ ಇಳೀತದ, ಹಂಗಾಗಿ ರೀಡಿಂಗ್ ಬದಲಾಗಂಗಿಲ್ಲ. ತಿರುವೋನ ಕೈ ಹ್ಯಾಂಗರೆ ಇರ್ಲಿ, ಮುಳ್ಳು ಖರೇ ಹೇಳ್ತದ. ಬ್ಯಾಟರಿ ಇಲ್ಲ, ಸೆಲ್ ಇಲ್ಲ.

ನಂಬಬೇಕಂದ್ರ ಪರೀಕ್ಷಾ ಮಾಡಬೇಕಲ್ಲ, ಮಾಡ್ದೆ. ಸೂಪರ್ ಮಾರ್ಕೆಟ್ ಕಡೀ ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ 1 ಮೆಗಾ ಓಮಿನ (ಹತ್ತು ಲಕ್ಷ ಓಮ್) ರೆಸಿಸ್ಟರ್ ಐದು ತಂದು ಸಾಲಾಗಿ ಬೆಸುಗಿ ಹಾಕಿ ಹಚ್ಚಿದೆ, ಮುಳ್ಳು 5ರ ಗೀಟಿನ ಮ್ಯಾಲ ಬಂದು ನಿಂತು ಚೂರೂ ನಡುಗಲಿಲ್ಲ. ಒಂದೊಂದೇ ಬಿಡಿಸಿಕೋತ ಹೋದೆ, 4, 3, 2 ಎಲ್ಲಾ ಬರೋಬ್ಬರ್. ಎರಡಕ್ಕಿಂತ ಕಮ್ಮಿ ಮಾಡಲಿಲ್ಲ, ಯಾಕಂದ್ರ ಪೂರಾ 500 ವೋಲ್ಟ್ ಆ ಕಡ್ಡಿಯಂಥಾ ಒಂದೇ ರೆಸಿಸ್ಟರ್ ಮ್ಯಾಲ ಹಾಕಬಾರದು. ಮಲ್ಟಿಮೀಟರ್ ಹಚ್ಚಿ ವೋಲ್ಟೇಜ್ ನೋಡಿದ್ರ 480ರ ಆಸುಪಾಸು ಬಂತು. ಇಷ್ಟು ಹಳೇ ಅಯಸ್ಕಾಂತಕ್ಕ ಇದಕ್ಕಿಂತ ಹೆಚ್ಚು ಏನ್ ಕೇಳೋದು.

ಆಮ್ಯಾಲ ಒಂದ್ ವರ್ಷ ದಿನಾ ಬಳಸೀನಿ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್ ಮೋಟರು, ರೈತರ ಬೋರಿನ ಮೋಟರು, ಮನಿ ವೈರಿಂಗು. ತೊಗರಿ ಹೊಟ್ಟಿನ ಧೂಳು ಮೋಟರಿನಾಗ ಹೊಕ್ಕು ಮಳಿಗಾಲದಾಗ ಥಂಡಿ ಹಿಡೀತು ಅಂದ್ರ ಮುಗೀತು, ವೈಂಡಿಂಗ್ ಸುಟ್ಟಿರಂಗಿಲ್ಲ ಆದ್ರ ಮೋಟರಿನ ಹೊರಗಿನ ಬಾಡಿ ಮ್ಯಾಲ ಕರೆಂಟ್ ಬರ್ತದ. ಹೋದ ಆಗಸ್ಟಿನಾಗ ಒಂದು ಮಿಲ್ಲಿನ ಮೋಟರ್ ಹಿಂಗೇ ಬಂತು, ರಿವೈಂಡಿಂಗ್ ಮಾಡಿಬಿಡ್ರಿ ಅಂತ ಮಾಲಕರೇ ಅಂದಿದ್ರು, ಈ ಮೆಗ್ಗರ್ ಹಚ್ಚಿದಾಗ ಅರ್ಧ ಮೆಗಾ ಓಮೂ ಇಲ್ಲ. ಬಿಚ್ಚಿ ಧೂಳು ಊದಿ, 200 ವ್ಯಾಟಿನ ಬಲ್ಬ್ ಎರಡು ಒಳಗಿಟ್ಟು ರಾತ್ರಿಯೆಲ್ಲಾ ಒಣಗಿಸಿ ಮುಂಜಾನಿ ಆರಿದಮ್ಯಾಲ ತಿರುವಿದ್ರ 12 ತೋರಿಸ್ತು. ವಾರ್ನಿಶ್ ಒಂದ್ ಸಲ ಹೊಡ್ದು ಕೊಟ್ಟೆ, ಇವತ್ತಿಗೂ ನಡೀಲಾಕತ್ತದ.

ಒಂದ್ ಮಾತು ಹೊಸಬರಿಗೆ. ನಮ್ ಕಲಬುರಗಿ ಬಿಸಲಿನಾಗ ಮೆಗ್ಗರ್ ರೀಡಿಂಗ್ ನೋಡಿ ಲಗೂನ ನಿರ್ಣಯ ಮಾಡಬ್ಯಾಡ್ರಿ. ವೈಂಡಿಂಗ್ 10 ಡಿಗ್ರಿ ಬಿಸಿ ಆದ್ರ ಇನ್ಸುಲೇಷನ್ ರೀಡಿಂಗ್ ಸುಮಾರು ಅರ್ಧಕ್ಕ ಇಳೀತದ ಅನ್ನೋದು ಲೆಕ್ಕ. ಡಿಸೆಂಬರ್ ಮುಂಜಾನಿ 20 ಡಿಗ್ರಿಯಾಗ 8 ತೋರಿಸಿದ ಮೋಟರ್ರೇ ಮೇ ತಿಂಗಳ ಮಧ್ಯಾಹ್ನ 40 ದಾಟಿದಾಗ 2 ತೋರಿಸ್ತದ, ಮೋಟರ್ ಕೆಟ್ಟಿರಂಗಿಲ್ಲ. 415 ವೋಲ್ಟಿನ ಮೋಟರಿಗೆ 500 ವೋಲ್ಟಿನ ಮೆಗ್ಗರ್ 1 ನಿಮಿಷ ಹಚ್ಚಿದಾಗ 1 ಮೆಗಾ ಓಮಿಗಿಂತ ಕಮ್ಮಿ ಇದ್ರ ಮಾತ್ರ ಚಾಲೂ ಮಾಡಬಾರದು. ಮನಿ ವೈರಿಂಗಿಗೆ ಅಪ್ಪ ಹೇಳಿಕೊಟ್ಟ ಲೆಕ್ಕ ಬ್ಯಾರೆ, 50ನ್ನ ಪಾಯಿಂಟಿನ (ದೀಪ, ಫ್ಯಾನು, ಪ್ಲಗ್ ಹಚ್ಚೋ ಜಗಾ) ಸಂಖ್ಯಾದಿಂದ ಭಾಗಿಸೋದು, 25 ಪಾಯಿಂಟ್ ಇದ್ರ 2 ಮೆಗಾ ಓಮ್ ಬರಬೇಕು. ಆಮ್ಯಾಲ ನೋಡಿದೆ, ನಮ್ಮ ದೇಶದ ಹಳೇ ವೈರಿಂಗ್ ಸ್ಟ್ಯಾಂಡರ್ಡಿನಾಗೂ 50ನ್ನ ಪಾಯಿಂಟಿನಿಂದ ಭಾಗಿಸೋ ಲೆಕ್ಕ ಇತ್ತು.

ಕೊರತಿ ಇಲ್ಲಂತಿಲ್ಲ. ಸ್ಕೇಲ್ 20 ಮೆಗಾ ಓಮಿಗೇ ಮುಗೀತದ, ಅದ್ರ ಮುಂದ ನೇರ ಅನಂತದ ಚಿಹ್ನಾ. ಹೊಸ ಮೋಟರ್ 50 ಅದನೋ 500 ಅದನೋ ಇದು ಹೇಳಂಗಿಲ್ಲ. ದೊಡ್ಡ ಮೋಟರಿಗೆ 1 ನಿಮಿಷದ ರೀಡಿಂಗು 10 ನಿಮಿಷದ ರೀಡಿಂಗು ಎರಡೂ ತಗೊಂಡು ಹೋಲಿಸಿ ನೋಡೋ ಟೆಸ್ಟ್ ಅದಲ್ಲ, ನಿಮಿಷಕ್ಕ 160 ಸುತ್ತಿನಂಗ 10 ನಿಮಿಷ ತಿರುವೋರು ಯಾರ್ರಿ, ಅದಕ್ಕ ಡಿಜಿಟಲ್ಲೇ ಬೇಕು, ನನ್ನ ಹತ್ರ ಅದೂ ಅದ. ಇನ್ನೊಂದು, ಈಗಿನ ಮನ್ಯಾಗ ಎಲ್‌ಇಡಿ ದೀಪ, ಹೊಸ ನಮೂನಿ ಕರೆಂಟ್ ಉಳಿಸೋ ಫ್ಯಾನು, ಡ್ರೈವ್ (ಸ್ಪೀಡ್ ಹೆಚ್ಚು ಕಮ್ಮಿ ಮಾಡೋ ಡಬ್ಬಿ) ಹಚ್ಚಿದ ಮೋಟರು, ಇವನ್ನೆಲ್ಲಾ ಬಿಚ್ಚಿಟ್ಟೇ ಮೆಗ್ಗರ್ ತಿರುವ್ರಿ, 500 ವೋಲ್ಟ್ ಹೋದ್ರ ಒಳಗಿನ ಸರ್ಕ್ಯೂಟ್ ಹೋಗ್ತದ. ಸಪ್ಲೈ ಇರೋ ಲೈನಿಗೆ ಅಂತೂ ಹಚ್ಚಲೇಬಾರದು. ಉದ್ದನ ಕೇಬಲ್ ಚೆಕ್ ಮಾಡಿದಮ್ಯಾಲ ಅರ್ಥ್ ಮಾಡಿ ಖಾಲಿ ಮಾಡ್ರಿ, ಕೇಬಲ್ಲಿನಾಗ ಕೂತ ಚಾರ್ಜ್ ಕೈಗೆ ಹೊಡೀತದ.

ತಗೊಳ್ಳೋರು ಇದ್ರ ಹಿಂಗ ನೋಡ್ರಿ. ಎರಡೂ ಟರ್ಮಿನಲ್ ಖಾಲಿ ಬಿಟ್ಟು ತಿರುವ್ರಿ, ಮುಳ್ಳು ಅನಂತಕ್ಕ ಹೋಗಬೇಕು. ಎರಡೂ ಕೂಡಿಸಿ ಮೆಲ್ಲಕ ತಿರುವ್ರಿ, ಸೊನ್ನಿಗೆ ಬರಬೇಕು. ಎರಡೂ ಆದ್ರ 2,000ದ ತನಕ ಕೊಡಬಹುದು. ಒಳಗ ಗ್ರೀಸ್, ಎಣ್ಣಿ ಹಾಕಬ್ಯಾಡ್ರಿ, ಎಣ್ಣಿ ಹರಡಿ ಧೂಳು ಹಿಡೀತು ಅಂದ್ರ ಮೆಗ್ಗರೇ ಸೋರ್ಲಾಕ ಶುರು ಆಗ್ತದ. ಹಳೇ ಟೆಸ್ಟ್ ವೈರ್ ಅಂತೂ ಬಿಸಾಕ್ರಿ, ನಂದ್ರ ರಬ್ಬರ್ ಮುಟ್ಟಿದ್ರ ಪುಡಿ ಆಗ್ತಿತ್ತು, ಹೊಸಾ ವೈರ್ ಹಾಕೀನಿ. ಹರಿದಿದ್ದ ತೊಗಲಿನ ಪಟ್ಟಿ ಸ್ಟೇಷನ್ ರೋಡಿನಾಗ ಚಪ್ಪಲಿ ಹೊಲಿಯೋ ಒಬ್ಬ ಅಜ್ಜಾರು 120 ರೂಪಾಯಿಗೆ ಮಾಡಿಕೊಟ್ರು, ಅಳತಿ ತಗೋಳ್ದೆ ಬರೇ ನೋಡಿ ಕತ್ತರಿಸಿದ್ರು, ಮೊದ್ಲಿಂದಕಿಂತ ಗಟ್ಟಿ ಅದ.

ಸಿಡ್ನಿ ಎವರ್‌ಶೆಡ್ ಕಥಿ ಪೂರಾ ಅಪ್ಪಗ ಓದಿ ಹೇಳ್ದೆ. ಸುಮ್ಮನ ಕುಂತು ಕೇಳಿದ್ರು, ಮುಖದ ಮ್ಯಾಲಿನ ಹೆಸರಿನ ಮ್ಯಾಲ ಒಂದ್ ಸಲ ಬೆರಳು ಆಡಿಸಿದ್ರು, "ನಮ್ ಉಸ್ತಾದರಿಗೆ ಇದು ಗೊತ್ತಾಗಬೇಕಿತ್ತು ನೋಡು" ಅಂದ್ರು. ಮರುದಿನ ಅಂಗಡಿಗೆ ಬೋರಿನ ಮೋಟರ್ ಬಂದಾಗ ಒಳಗಿಂದ ಕರದ್ರು, ತಮ್ಮಾ ಆ ಶೆಡ್ಡಿನ ಮೆಗ್ಗರ್ ತಗೊಂಬಾ ಅಂತ. ತಗೊಂಡ್ಹೋಗಿ ಕೊಟ್ಟೆ.