ಐರ್ಲೆಂಡಿನಲ್ಲಿ ಸ್ಟೌವ್ ಇರುವ ಮನೆ ಹಿಡಿದವರೇ, ಹೆಸರಿಲ್ಲದ ಚೀಲದ ಕಲ್ಲಿದ್ದಲು ಕೊಳ್ಳಬೇಡಿ

ಡಬ್ಲಿನ್‌ನ ಬಾಡಿಗೆ ಕೈಗೆಟುಕದೆ ಹಳ್ಳಿ ಕಡೆ ಮನೆ ಹಿಡಿಯುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಎಷ್ಟೋ ಮನೆಗಳಿಗೆ ಗ್ಯಾಸ್ ಪೈಪ್ ಬಂದಿಲ್ಲ. ಮನೆ ಬಿಸಿ ಮಾಡಲು ಸೀಮೆಎಣ್ಣೆ ಬಾಯ್ಲರ್ ಇರುತ್ತದೆ, ಹಾಲ್‌ನಲ್ಲಿ ಒಂದು ಕಬ್ಬಿಣದ ಸ್ಟೌವ್ ಇರುತ್ತದೆ. ಎಣ್ಣೆ ದುಬಾರಿ ಅಂತ ಸಂಜೆ ಹೊತ್ತು ಎಲ್ಲರೂ ಸ್ಟೌವ್ ಹಚ್ಚುತ್ತಾರೆ. ಅದಕ್ಕೆ ಹಾಕುವ ಕಲ್ಲಿದ್ದಲಿನಿಂದಲೇ ಕಳೆದ ಚಳಿಗಾಲದಲ್ಲಿ ನಮ್ಮ ಅತ್ತೆಯ ಜೀವಕ್ಕೆ ಬಂದಿತ್ತು.

ನಾವಿರುವುದು ಕ್ಯಾವನ್ ಕೌಂಟಿಯಲ್ಲಿ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಗಡಿಗೆ ಹತ್ತಿರ. ಚಳಿ ಶುರುವಾದರೆ ಒಬ್ಬ ವ್ಯಾನ್‌ನಲ್ಲಿ ಮನೆ ಬಾಗಿಲಿಗೇ ಕಲ್ಲಿದ್ದಲು ತಂದು ಮಾರುತ್ತಾನೆ. ಒಳ್ಳೇ ಪೋಲಿಷ್ ಕೋಲ್, ಅಂಗಡಿಗಿಂತ ಅಗ್ಗ ಅಂದ. ಇದು ಸ್ಮೋಕ್‌ಲೆಸ್, ಅಂದರೆ ಹೊಗೆ ತೀರಾ ಕಡಿಮೆ ಬರುವ ಕಲ್ಲಿದ್ದಲು ತಾನೇ ಅಂತ ನಮ್ಮ ಯಜಮಾನರು ಬಿಡಿಸಿ ಕೇಳಿದರು. ಹೌದು ಹೌದು ಅಂದ. ಮನೆ ಓನರ್ ಕೂಡ ತಾವೂ ಅವನ ಹತ್ತಿರವೇ ತಗೊಳ್ಳೋದು ಅಂದರು. ಬಂದ ಚೀಲಗಳು ಬರೀ ಬಿಳಿ ಪ್ಲಾಸ್ಟಿಕ್, ಮೇಲೆ ಒಂದಕ್ಷರ ಇರಲಿಲ್ಲ.

ಅದು ಉರಿಯುವುದನ್ನು ನೋಡಿದರೆ ಯಾರಿಗಾದರೂ ಖುಷಿಯಾಗಬೇಕು. ಬೇಗ ಹತ್ತಿಕೊಂಡು ಎತ್ತರಕ್ಕೆ ಹಳದಿ ಜ್ವಾಲೆ ಏಳುತ್ತಿತ್ತು. ಆದರೆ ಒಂದೇ ಸಂಜೆಗೆ ಬಾಗಿಲಿನ ಗಾಜು ಕಪ್ಪಾಯಿತು. ಒರೆಸಲು ಹೋದರೆ ಮಸಿ ಡಾಂಬರಿನ ಹಾಗೆ ಬಟ್ಟೆಗೆ ಅಂಟಿಕೊಂಡಿತು. ರಾತ್ರಿ ಮಲಗುವಾಗ ಬೆಂಕಿ ನಿಧಾನವಾಗಲಿ ಅಂತ ಗಾಳಿ ಕಡಿಮೆ ಮಾಡಿದರೆ, ಜ್ವಾಲೆ ಆರಿ ಒಳಗೆ ಹಳದಿ ಹೊಗೆ ತುಂಬಿಕೊಳ್ಳುತ್ತಿತ್ತು. ಒಂದು ಸಲ ಆ ಸ್ಥಿತಿಯಲ್ಲಿ ಬಾಗಿಲು ತೆಗೆದಾಗ ಧಗ್ ಅಂತ ಬೆಂಕಿ ಮುಖಕ್ಕೇ ಬಂತು. ಯಜಮಾನರ ಹುಬ್ಬು ಸುಟ್ಟಿತು.

ಹಾಸನದಿಂದ ಬಂದಿದ್ದ ಅತ್ತೆ ದಿನವೆಲ್ಲಾ ಸ್ಟೌವ್ ಹತ್ತಿರವೇ ಕೂರುತ್ತಿದ್ದರು. ತಲೆನೋವು, ಹೊಟ್ಟೆ ತೊಳಸುತ್ತೆ ಅನ್ನುತ್ತಿದ್ದರು. "ಚಳಿಗೆ ಹಂಗಾಗಿರ್ಬೇಕು ಬಿಡಮ್ಮ" ಅಂತ ಅವರೇ ಸಮಾಧಾನ ಹೇಳಿದರು. ಅಂಗಳಕ್ಕೆ ಹೋದರೆ ನೋವು ಇಳಿಯುತ್ತಿತ್ತು, ಒಳಗೆ ಬಂದರೆ ಮತ್ತೆ ಶುರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮನೆಯೊಳಗಿದ್ದಾಗ ಮಾತ್ರ ಬರುವ ತಲೆನೋವು, ಮನೆಮಂದಿಗೆಲ್ಲಾ ಒಟ್ಟಿಗೆ ಬರುವ ತಲೆನೋವು ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿಯ ಗುರುತು. ಆಮೇಲೊಂದು ಸಂಜೆ ಆ ಗಾಳಿಯನ್ನು ಪತ್ತೆ ಹಚ್ಚುವ ಅಲಾರಂ ಕೂಗಿತು. ಕಿಟಕಿ ಬಾಗಿಲು ತೆರೆದು ಅತ್ತೆಯನ್ನು ಹೊರಗೆ ಕರೆದುಕೊಂಡು ಬಂದು, 112ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಹುಷಾರಾದರು, ದೇವರ ದಯೆ.

ಮರುದಿನ ಚಿಮಣಿ ಗುಡಿಸುವವರನ್ನು ಕರೆಸಿದೆವು. ಸ್ಟೌವ್ ಒಳಗೆ ಬೆಂಕಿಯ ಮೇಲ್ಭಾಗದಲ್ಲಿ ಒಂದು ಅಡ್ಡ ತಗಡು ಇರುತ್ತದೆ, ಥ್ರೋಟ್ ಪ್ಲೇಟ್ ಅನ್ನುತ್ತಾರೆ. ಅವರು ಅದನ್ನು ಓರೆ ಮಾಡಿ ಇಳಿಸಿದರು. ಅದರ ಬೆನ್ನ ಮೇಲೆ ಮಸಿ ದಪ್ಪಗೆ ಕೂತು, ಹೊಗೆ ಹೋಗುವ ಸಂದಿ ಎರಡು ಬೆರಳಿನಷ್ಟೂ ಉಳಿದಿರಲಿಲ್ಲ. ಹೊಗೆಗೆ ಮೇಲೆ ದಾರಿ ಇಲ್ಲದಿದ್ದರೆ ವಿಷದ ಗಾಳಿ ಮನೆಯೊಳಗೇ ಬರುತ್ತದೆ. ಮಸಿ ತುಂಬಿದ ಚಿಮಣಿಗೆ ಬೆಂಕಿ ಹತ್ತುವುದೂ ಉಂಟು ಅಂದರು.

ನಂತರ ನಮ್ಮ ಚೀಲದ ಒಂದು ಗಟ್ಟಿ ತೆಗೆದು ಒಡೆದು ತೋರಿಸಿದರು. ಪದರ ಪದರವಾಗಿ ಬಿಟ್ಟುಕೊಂಡಿತು, ಕೈಯೆಲ್ಲಾ ಕಪ್ಪಾಯಿತು. ಇದು ಬಿಟುಮಿನಸ್ ಕಲ್ಲಿದ್ದಲು, ಇಲ್ಲಿನವರ ಮಾತಲ್ಲಿ ಸ್ಮೋಕಿ ಕೋಲ್. ಕಾದಾಗ ಅನಿಲವಾಗಿ ಹೊರಬರುವ ಅಂಶ ಇದರಲ್ಲಿ ನೂರಕ್ಕೆ 30 ಅಥವಾ ಅದಕ್ಕೂ ಜಾಸ್ತಿ ಇರುವುದು ಸಾಮಾನ್ಯ. ಆ ಅನಿಲ ಪೂರ್ತಿ ಉರಿಯದೇ ಹೋದರೆ ಹೊಗೆ, ಟಾರು, ಮಸಿಯಾಗುತ್ತದೆ. ಆಂಥ್ರಸೈಟ್ ಅನ್ನುವ ಇನ್ನೊಂದು ಜಾತಿಯ ಕಲ್ಲಿದ್ದಲಿನಲ್ಲಿ ಅದು ನೂರಕ್ಕೆ 10ಕ್ಕಿಂತ ಕಡಿಮೆ. ಅದು ಗಟ್ಟಿ, ಹೊಳಪು ಜಾಸ್ತಿ, ಕೈಗೆ ಅಷ್ಟಾಗಿ ಹತ್ತುವುದಿಲ್ಲ. ಹತ್ತಿಸುವುದು ಕಷ್ಟ, ಆದರೆ ಹತ್ತಿದ ಮೇಲೆ ಪುಟ್ಟ ನೀಲಿ ಜ್ವಾಲೆಯಲ್ಲಿ ತುಂಬಾ ಹೊತ್ತು ನಿಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಸ್ಮೋಕ್‌ಲೆಸ್ ಕಲ್ಲಿದ್ದಲು ಹೆಚ್ಚಾಗಿ ಅಚ್ಚಿನಲ್ಲಿ ಒತ್ತಿದ ಮೊಟ್ಟೆ ಆಕಾರದ ಉಂಡೆಗಳು, ಎಲ್ಲಾ ಒಂದೇ ಅಳತೆಯವು. ಸ್ಮೋಕ್‌ಲೆಸ್ ಅಂತ ಹೇಳಿ ಒರಟು ಕಲ್ಲಿನಂಥ ಗಟ್ಟಿಗಳನ್ನು ಕೊಟ್ಟರೆ ಅಲ್ಲೇ ಅನುಮಾನ ಬರಲಿ.

ಮಾರುವವನಿಗೆ ಇದೆಲ್ಲಾ ಗೊತ್ತಿತ್ತು ಅಂತಲೇ ನಾನು ಹೇಳುತ್ತೇನೆ. ಡಬ್ಲಿನ್‌ನಲ್ಲಿ ಈ ಕಲ್ಲಿದ್ದಲನ್ನು ಮಾರುವುದನ್ನು 1990ರಲ್ಲೇ ನಿಲ್ಲಿಸಿದರು, ಊರಿನ ಗಾಳಿಯಲ್ಲಿದ್ದ ಕಪ್ಪು ಹೊಗೆ ನೂರಕ್ಕೆ ಸುಮಾರು 70ರಷ್ಟು ಇಳಿಯಿತು. 2022ರ ಅಕ್ಟೋಬರ್ 31ರಿಂದ ಐರ್ಲೆಂಡ್ ಪೂರ್ತಿ ಸ್ಮೋಕಿ ಕೋಲ್ ಮಾರುವ ಹಾಗಿಲ್ಲ. ಗಡಿಯಾಚೆ ಉತ್ತರ ಐರ್ಲೆಂಡಿನಲ್ಲಿ ಕಾನೂನು ಬೇರೆ. ಅಲ್ಲಿಂದ ತಂದು ಇಲ್ಲಿ ಮಾರುವವರಿದ್ದಾರೆ. ಹೊಸದಾಗಿ ಬಂದವರಿಗೆ ಏನೂ ತಿಳಿಯದು ಅನ್ನುವುದೇ ಅವರ ಬಂಡವಾಳ. ವಯಸ್ಸಾದವರು, ಮಕ್ಕಳು ಇರುವ ಮನೆ ಅಂತ ಕಣ್ಣಾರೆ ಕಂಡೂ ಕೊಟ್ಟು ಹೋದನಲ್ಲ, ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಕೊಳ್ಳುವ ಮುಂಚೆ ನಿಮ್ಮ ಸ್ಟೌವ್ ಯಾವುದು ಅಂತ ನೋಡಿ. ಬೆಂಕಿಯ ಕೆಳಗೆ ಕಬ್ಬಿಣದ ಜಾಲರಿ, ಅದರಡಿ ಬೂದಿ ತಟ್ಟೆ ಇದ್ದರೆ ಸಾಮಾನ್ಯವಾಗಿ ಮಲ್ಟಿಫ್ಯುಯೆಲ್ ಸ್ಟೌವ್, ಅಂದರೆ ಸೌದೆ, ಕಲ್ಲಿದ್ದಲು ಎರಡಕ್ಕೂ ಆಗುವಂಥದ್ದು. ಕಲ್ಲಿದ್ದಲಿಗೆ ಗಾಳಿ ಕೆಳಗಿನಿಂದ ಬರಬೇಕು. ತಳ ಚಪ್ಪಟೆ ಇದ್ದರೆ ಅದು ಸೌದೆಗೆ ಮಾತ್ರ, ಯಾವ ಕಲ್ಲಿದ್ದಲೂ ಬೇಡ. ಸ್ಟೌವ್ ಕಂಪನಿಯ ಪುಸ್ತಕ ಓನರ್ ಹತ್ತಿರ ಕೇಳಿ ತಗೊಳ್ಳಿ. ಪೆಟ್ಕೋಕ್ (ಕಚ್ಚಾ ಎಣ್ಣೆ ಶುದ್ಧ ಮಾಡಿದಾಗ ಉಳಿಯುವ ಕಲ್ಲಿದ್ದಲಿನಂಥ ಗಟ್ಟಿ) ಬೆರೆಸಿದ ಇಂಧನ ಬೇಡ ಅಂತ ಎಷ್ಟೋ ಪುಸ್ತಕಗಳಲ್ಲಿ ಬರೆದೇ ಇರುತ್ತದೆ. ಅದರ ಶಾಖ ವಿಪರೀತ, ಬೂದಿ ಬಹಳ ಕಡಿಮೆ, ಜಾಲರಿ ಸೊಟ್ಟಗಾಗುತ್ತದೆ. ಹಸಿ ಸೌದೆ, ಕಲ್ಲಿದ್ದಲು ಎರಡನ್ನೂ ಒಟ್ಟಿಗೆ ಹಾಕಬೇಡಿ. ಸೌದೆಯ ನೀರು, ಕಲ್ಲಿದ್ದಲಿನ ಗಂಧಕ ಸೇರಿ ಆಸಿಡ್ ಆಗಿ ಹೊಗೆ ಪೈಪನ್ನು ತಿನ್ನುತ್ತದೆ.

ಇನ್ನೊಂದು ಮಾತು. ಸ್ಟೌವ್ ಇರುವ ಕೋಣೆಯ ಗೋಡೆಯಲ್ಲಿ ಗಾಳಿ ಬರಲು ಒಂದು ತೂತು ಬಿಟ್ಟಿರುತ್ತಾರೆ. ಅದರಿಂದ ಚಳಿ ಬರುತ್ತದೆ ಅಂತ ನಮ್ಮವರು ಹಳೇ ಸೀರೆಯನ್ನೋ ದಿಂಬನ್ನೋ ತುರುಕಿರುವುದನ್ನು ನೋಡಿದ್ದೇನೆ. ಊರಲ್ಲಿ ಅಡುಗೆಮನೆ ಹೊಗೆ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಇಲ್ಲಿ ಮನೆಗೆ ಒಂದು ಸಂದಿಯೂ ಇರುವುದಿಲ್ಲ. ಬೆಂಕಿ ಉಸಿರಾಡುವುದು ಆ ತೂತಿನಿಂದಲೇ. ಇವತ್ತೇ ಬಟ್ಟೆ ತೆಗೆಯಿರಿ.

ಸ್ಮೋಕ್‌ಲೆಸ್ ಹಾಕಿದರೆ ಅಲಾರಂ ಬೇಡ ಅಂದುಕೊಳ್ಳಬೇಡಿ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಡಿಗೆ ಮನೆಯಲ್ಲಿ ಅಲಾರಂ ಹಾಕಿಸುವುದು ಓನರ್ ಜವಾಬ್ದಾರಿ, ಸಂಕೋಚ ಬಿಟ್ಟು ಕೇಳಿ. ಅಲಾರಂ ಬೆನ್ನಿನ ಮೇಲೆ ಅದರ ಆಯಸ್ಸು ಮುಗಿಯುವ ತಾರೀಖು ಇರುತ್ತದೆ, ಅದನ್ನೂ ನೋಡಿ. ಹೆಸರಿಲ್ಲದ ಚೀಲ ಮಾರುವವರು ಕಂಡರೆ ನಿಮ್ಮ ಕೌಂಟಿ ಕೌನ್ಸಿಲ್‌ಗೆ ತಿಳಿಸಿ. ನಾವು ತಿಳಿಸಿದ್ದೇವೆ, ಉಳಿದ ಚೀಲಗಳನ್ನು ಅವರಿಗೆ ತೋರಿಸಲೆಂದೇ ಶೆಡ್‌ನಲ್ಲಿ ಇಟ್ಟಿದ್ದೇವೆ.