ಹೆಣ್ಣು ಗೋಸುಂಬೆಯ ಮೊಟ್ಟೆಗೆ 40 ಲೀಟರ್ ಪ್ಲಾಸ್ಟಿಕ್ ಟಬ್: ಮೂರು ಬೇಸಿಗೆ ಬಳಸಿದ ಮೇಲೆ

ಬಟ್ಟೆ, ಆಟಿಕೆ ತುಂಬಿಡಲು ಮಾರುತ್ತಾರಲ್ಲ, ಅಂಥ ಮುಚ್ಚಳದ ಟಬ್ ಇದು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಐನೂರು ರೂಪಾಯಿಯೊಳಗೆ ಸಿಕ್ಕಿತು. ನಾನು ತಂದದ್ದು ನಮ್ಮ ಮನೆಯ ಯೆಮನ್ ಗೋಸುಂಬೆಗೆ, ಮೊಟ್ಟೆ ಇಡಲಿ ಅಂತ. ನಮ್ಮವ್ವ ಅದಕ್ಕೆ ನೀಲವ್ವ ಅಂತ ಹೆಸರಿಟ್ಟಿದ್ದಾರೆ. ಟಬ್ ಇನ್ನೂ ಗಟ್ಟಿಮುಟ್ಟಾಗಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಗಂಡೇ ಇಲ್ಲ, ಮೊಟ್ಟೆ ಎಲ್ಲಿಂದ ಬರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಹುಂಜ ಇಲ್ಲದೆ ಕೋಳಿ ಮೊಟ್ಟೆ ಇಡುತ್ತದಲ್ಲ, ಹಾಗೇ ಇದೂ. ಮರಿಯಾಗದ ಮೊಟ್ಟೆ, ಅಷ್ಟೇ. ಐದಾರು ತಿಂಗಳ ವಯಸ್ಸಿಗೇ ಶುರುವಾಗಬಹುದು. ಒಂದು ಸಲಕ್ಕೆ 20ರಿಂದ 70ರವರೆಗೂ ಇಡುತ್ತದೆ. ಅಗೆಯಲು ಸರಿಯಾದ ಜಾಗ ಸಿಗದಿದ್ದರೆ ಮೊಟ್ಟೆಗಳನ್ನು ಒಳಗೇ ತಡೆದುಕೊಳ್ಳುತ್ತದೆ. ಅದರಿಂದ ಸತ್ತುಹೋಗುವುದೂ ಉಂಟು. ಹಾಗಾಗಿ ಹೆಣ್ಣು ಗೋಸುಂಬೆ ಇದ್ದವರ ಮನೆಯಲ್ಲಿ ಇಂಥ ಟಬ್ ಇರಲೇಬೇಕು, ಅದೂ ಹೊಟ್ಟೆ ಉಬ್ಬುವ ಮೊದಲೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹೊಲದ ಬೇಲಿಯಲ್ಲಿ ಕಾಣುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿದು ಸಾಕುವುದು ಅಪರಾಧ. ಅದು ಬದುವಿನಲ್ಲಿ ಮಣ್ಣು ಅಗೆಯುತ್ತಿದ್ದರೆ ದಯವಿಟ್ಟು ಅದರ ಪಾಡಿಗೆ ಬಿಟ್ಟುಬಿಡಿ. ಯೆಮನ್, ಸೌದಿ ಕಡೆಯ ಈ ಜಾತಿಯನ್ನು ಸಾಕುವವರೂ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಟಬ್‌ನ ಅಳತೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ತಳ ಸುಮಾರು 30 ಸೆಂಟಿಮೀಟರ್‌ಗೆ 40, ಎತ್ತರ 32. ಮರಳು 20 ಸೆಂಟಿಮೀಟರ್ ತುಂಬಿದರೂ ಮೇಲೆ ಜಾಗ ಉಳಿಯುತ್ತದೆ, ಅಗೆದದ್ದು ಹೊರಗೆ ಚೆಲ್ಲುವುದಿಲ್ಲ. ಆಳ ಇದಕ್ಕಿಂತ ಕಡಿಮೆಯಾದರೆ ಬೇಡ.

ಏನು ತುಂಬುತ್ತೀರಿ ಅನ್ನುವುದು ಟಬ್‌ಗಿಂತ ಮುಖ್ಯ. ನಮ್ಮ ಕಡೆಯ ಎರೆಮಣ್ಣು ಇದಕ್ಕೆ ಆಗುವುದಿಲ್ಲ. ಒದ್ದೆಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲಾಗಿ ಬಿರಿಯುತ್ತದೆ. ಕಟ್ಟಡಕ್ಕೆ ಬಳಸುವ ಹೊಳೆ ಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು ಹಾಕುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ಬೆರಳು ಚುಚ್ಚಿ ತೆಗೆದರೆ ತೂತು ಹಾಗೇ ನಿಲ್ಲಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಒಣ ಗಾಳಿಗೆ ಮೇಲಿನ ಪದರ ಬೇಗ ಒಣಗಿ ಸುರಂಗ ಕುಸಿಯುತ್ತದೆ. ಆಗ ನಡುವೆ ನೀರು ಸುರಿಯದೆ ಅಂಚಿನ ಗುಂಟ ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ. ತಳದಲ್ಲಿ ತೂತಿಲ್ಲದ ಟಬ್, ನೀರು ಜಾಸ್ತಿಯಾದರೆ ಅಡಿಯಲ್ಲೇ ನಿಲ್ಲುತ್ತದೆ.

ಮೊಟ್ಟೆ ಇಡುವ ಹೊತ್ತು ಬಂತು ಅಂತ ಮೊದಲು ಗುರುತು ಹಿಡಿದವರು ನಮ್ಮವ್ವ. ಬಲೆಯ ಗೂಡು ತೊಳೆಯಲು ನೀಲವ್ವನನ್ನು ಹೊರಗೆ ಬಿಟ್ಟಿದ್ದೆವು. “ತಮ್ಮಾ, ಇದು ಪರಸಿ ಕೆರೀಲಾಕತ್ತದ ನೋಡು” ಅಂದರು. ಸದಾ ಕೊಂಬೆಯ ಮೇಲಿರುವ ಪ್ರಾಣಿ ನೆಲದಲ್ಲಿ ಓಡಾಡುತ್ತಾ ಶಹಾಬಾದ್ ಕಲ್ಲನ್ನು ಉಗುರಿನಿಂದ ಕೆರೆಯುತ್ತಿತ್ತು. ಊಟ ಬಿಟ್ಟಿತ್ತು, ನೀರು ಮಾತ್ರ ಜಾಸ್ತಿ ಕುಡಿಯುತ್ತಿತ್ತು. ಟಬ್ ಅನ್ನು ಗೂಡಿನೊಳಗೆ ಇಟ್ಟು ಸುತ್ತಲೂ ಹಳೆ ಚಾದರ ಇಳಿಬಿಟ್ಟೆವು. ಯಾರಾದರೂ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಅದು ತೋಡಿದ ಗುಂಡಿಯನ್ನೇ ಬಿಟ್ಟು ಬಂದುಬಿಡುತ್ತದೆ. ಚಾದರದ ಸಣ್ಣ ಸಂದಿಯಿಂದ ನೋಡಿದಾಗ ಬಾಲವಷ್ಟೇ ಹೊರಗಿತ್ತು, ಹಿಂಗಾಲಿನಿಂದ ಮರಳು ಚಿಮ್ಮುತ್ತಿತ್ತು. ಎರಡು ಕಡೆ ತೋಡಿ ಬಿಟ್ಟು, ಮೂರನೆಯದು ಅದಕ್ಕೆ ಹಿಡಿಸಿತು. ಆಮೇಲೆ ಒಳಗೇ ತಿರುಗಿ ತಲೆ ಮೇಲೆ ಮಾಡಿ ಕೂತಿತು. ಮೊಟ್ಟೆ ಇಟ್ಟಾದ ಮೇಲೆ ಮರಳು ಎಳೆದು ಮುಚ್ಚಿ, ಕಾಲಿನಿಂದ ಒತ್ತಿ ಒತ್ತಿ ಸಮ ಮಾಡಿತು. ಅಷ್ಟು ಸುಸ್ತಾದ ಮೇಲೂ ಮರಿಯಾಗದ ಮೊಟ್ಟೆಗಳಿಗೆ ಅಷ್ಟೊಂದು ಜೋಪಾನ! ನೆತ್ತಿಯ ತುರಾಯಿಯ ಮೇಲೆ ಮರಳು ಅಂಟಿಸಿಕೊಂಡು, ಪಕ್ಕೆ ಬತ್ತಿ ಮೇಲೆ ಬಂದಾಗ ನಮ್ಮವ್ವನ ಕಣ್ಣು ಒದ್ದೆಯಾಗಿತ್ತು.

ಈ ಟಬ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ಅರೆಪಾರದರ್ಶಕ ಗೋಡೆ. ಹೊರಗಿನಿಂದ ಪೇಪರ್ ಸುತ್ತಿ ಕತ್ತಲೆ ಮಾಡುತ್ತೇನೆ. ನೀಲವ್ವ ಕೊಂಬೆಗೆ ವಾಪಸಾದ ಮೇಲೆ ಪೇಪರ್ ಬಿಚ್ಚಿದರೆ ಮೊಟ್ಟೆಗಳು ಯಾವ ಮೂಲೆಯಲ್ಲಿವೆ ಅಂತ ಕಾಣುತ್ತದೆ. ಸುಮ್ನೆ ಎಲ್ಲ ಕಡೆ ಕೆದಕಬೇಕಿಲ್ಲ.

ಒಂದು ಸ್ಟಾರ್ ಕಳೆದದ್ದು ಚಕ್ರಗಳಿಗಾಗಿ. ಹಸಿ ಮರಳು ತುಂಬಿದರೆ ತೂಕ 40 ಕಿಲೋ ದಾಟುತ್ತದೆ. ಆ ಭಾರಕ್ಕೆ ಎರಡು ಚಕ್ರ ಮುರಿದು ಟಬ್ ಓರೆಯಾಯಿತು, ಉಳಿದವನ್ನೂ ಕಿತ್ತುಹಾಕಿದೆ. ಚಕ್ರವಿಲ್ಲದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಖಾಲಿ ಟಬ್ ಅನ್ನು ಜಾಗದಲ್ಲಿಟ್ಟು ಅಲ್ಲೇ ಮರಳು ತುಂಬಿ. ಮುಚ್ಚಳ ತಾರಸಿಯ ಬಿಸಿಲಿಗೆ ಸೀಳಿದೆ, ಆದರೆ ಅದರಿಂದ ಈ ಕೆಲಸಕ್ಕೆ ತೊಂದರೆಯಿಲ್ಲ.

ಟಬ್ ಒಂದೇ ಇದ್ದರೆ ಸಾಲದು. ಮೊಟ್ಟೆಯ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಊಟದಲ್ಲಿ ಸಾಲದಿದ್ದರೆ ತಾಯಿಯ ಮೂಳೆಯಿಂದಲೇ ಹೋಗುತ್ತದೆ. ಅದಕ್ಕೇ ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು, ಅದು ಮೈಗೆ ಹತ್ತಲು ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಬೀರುವ ಯುವಿಬಿ ದೀಪವೂ ಬೇಕು. ಆ ದೀಪ ಬೆಳಗುತ್ತಿದ್ದರೂ ಅದರ ಕಿರಣದ ಶಕ್ತಿ ಕುಂದುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಔಷಧಿ ಹೊಡೆದ ತೊಗರಿ ಹೊಲದ ಹುಳ ತಂದು ಹಾಕಬೇಡಿ. ಹೊಟ್ಟೆ ತುಂಬ ತಿನ್ನಿಸಿ ಜಾಸ್ತಿ ಬಿಸಿಯಲ್ಲಿಟ್ಟರೆ ಮೊಟ್ಟೆಯ ಸಂಖ್ಯೆಯೂ ಏರುತ್ತದೆ, ಅದರ ಆಯಸ್ಸೂ ತಗ್ಗುತ್ತದೆ. ನಮ್ಮೂರಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ ಬಿಸಿ ಕೊಡುವ ಬಲ್ಬ್ ಆರಿಸಿ, ಕೂಲರ್ ಇರುವ ಕೋಣೆಯಲ್ಲಿ ಗೂಡು ಇಡುತ್ತೇವೆ. ಮೊಟ್ಟೆ ಇಟ್ಟ ಮೇಲೆ ಮೊದಲ ಕೆಲಸ ನೀರು ಕೊಡುವುದು. ತುಂಬಾ ಹೊತ್ತು ಹನಿ ಹನಿಯಾಗಿ ಬಿಡಬೇಕು.

ಅಗೆದು ಅಗೆದು ಮೊಟ್ಟೆ ಇಡದೆ, ಹಗಲಿನಲ್ಲೇ ಕಣ್ಣು ಮುಚ್ಚಿ ಗೂಡಿನ ತಳದಲ್ಲಿ ಬಿದ್ದುಕೊಂಡರೆ ಟಬ್‌ನಿಂದ ಏನೂ ಆಗದು. ಎಕ್ಸ್‌ರೇ ಬೇಕು, ಕೆಲವೊಮ್ಮೆ ಆಪರೇಷನ್ನೇ ಬೇಕಾಗುತ್ತದೆ. ನಾಯಿ, ಎಮ್ಮೆ ನೋಡುವ ಎಲ್ಲ ಡಾಕ್ಟರೂ ಇದನ್ನು ಮುಟ್ಟುವುದಿಲ್ಲ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಸರೀಸೃಪ ನೋಡುವವರು ಯಾರಿದ್ದಾರೆ ಅಂತ ಅಲ್ಲಿ ವಿಚಾರಿಸಿ, ಟಬ್ ತರುವ ವಾರವೇ ನಂಬರ್ ಬರೆದಿಟ್ಟುಕೊಳ್ಳಿ.