ಟೋಪಾಜ್ ಎಂದು ಕೊಂಡ ಸಿಟ್ರಿನ್

ನಾನು ದುಡ್ಡು ಕೊಟ್ಟದ್ದು ಟೋಪಾಜ್‌ಗೆ, ಬೆರಳಲ್ಲಿರುವುದು ಸಿಟ್ರಿನ್. ಆದರೂ ಹಳದಿ ಹರಳುಗಳಲ್ಲಿ ಯಾವುದು ಒಳ್ಳೆಯದೆಂದು ಯಾರಾದರೂ ಕೇಳಿದರೆ ಸಿಟ್ರಿನ್ ಎಂದೇ ಹೇಳುತ್ತೇನೆ.

ಚೀಟಿಯಲ್ಲಿ ‘ಗೋಲ್ಡ್ ಟೋಪಾಜ್’ ಎಂದು ಬರೆದಿತ್ತು. ನಾನು ನವೆಂಬರಿನಲ್ಲಿ ಹುಟ್ಟಿದವಳು, ಟೋಪಾಜ್ ಆ ತಿಂಗಳ ಹರಳು. ಕೊಳ್ಳಲು ಅಷ್ಟೇ ಕಾರಣ. ಉಂಗುರಕ್ಕೆ ಕೂರಿಸುವ ಮುನ್ನ ಬಿಡಿ ಹರಳನ್ನು ಅಂಗೈಯಲ್ಲಿಟ್ಟಾಗ ಏಕೋ ಹಗುರ ಎನ್ನಿಸಿತು. ತೂಗಿದೆ: 4 ಗ್ರಾಂ. ತೂಕದ ಯಂತ್ರದ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ಹರಳನ್ನು ದಾರದಲ್ಲಿ ಕಟ್ಟಿ, ತಳ ತಾಗದಂತೆ ನೀರಿನಲ್ಲಿ ಇಳಿಬಿಟ್ಟೆ. ಯಂತ್ರ 1.51 ತೋರಿಸಿತು; ಹರಳಿನಷ್ಟೇ ಗಾತ್ರದ ನೀರಿನ ತೂಕ ಅದು. ಟೋಪಾಜ್ ನೀರಿಗಿಂತ ಸುಮಾರು 3.5 ಪಟ್ಟು ಭಾರ, 1.14ರ ಆಸುಪಾಸು ತೋರಿಸಬೇಕಿತ್ತು. 4ನ್ನು 1.51ರಿಂದ ಭಾಗಿಸಿದರೆ 2.65. ಅದು ಸ್ಫಟಿಕದ (ಕ್ವಾರ್ಟ್ಸ್) ಲೆಕ್ಕ. ಸಿಟ್ರಿನ್ ಎಂದರೆ ಹಳದಿ ಸ್ಫಟಿಕವೇ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಮಾರುಕಟ್ಟೆಯ ಬಹುಪಾಲು ಸಿಟ್ರಿನ್ ಹುಟ್ಟಿನಿಂದ ಹಳದಿಯಲ್ಲ; ನೇರಳೆ ಬಣ್ಣದ ಅಮೆಥಿಸ್ಟನ್ನು 400 ಡಿಗ್ರಿಗೂ ಮೇಲೆ ಕಾಯಿಸಿ ಮಾಡಿದ್ದು, ಅದರಲ್ಲೂ ಬ್ರೆಜಿಲ್ಲಿನದು ಹೆಚ್ಚು. ನನ್ನ ಹರಳು ಬಹುಶಃ ಎರಡು ಸಲ ಹೆಸರು ಬದಲಿಸಿ ನನ್ನ ಬಳಿ ಬಂದಿತ್ತು. ಮಾರಿದವರನ್ನು ಕೇಳಿದರೆ, ‘ವ್ಯಾಪಾರದಲ್ಲಿ ಹಾಗೆಯೇ ಕರೆಯುವುದು’ ಎಂದರು. ಸಿಟ್ಟಿನಲ್ಲಿ ಜನ್ಮರತ್ನಗಳ ಇತಿಹಾಸ ಕೆದಕಿದೆ. ಈಗ ಚಾಲ್ತಿಯಲ್ಲಿರುವ ಪಟ್ಟಿಯನ್ನು 1912ರಲ್ಲಿ ಗೊತ್ತುಮಾಡಿದವರು ಅಮೆರಿಕದ ಆಭರಣ ವ್ಯಾಪಾರಿಗಳು. 1952ರಲ್ಲಿ ನವೆಂಬರಿಗೆ ಸಿಟ್ರಿನ್ನನ್ನೂ ಸೇರಿಸಿದವರು ಅದೇ ಉದ್ಯಮದವರು. ಅಂದಮೇಲೆ ಇದೂ ನನ್ನ ತಿಂಗಳ ಹರಳೇ. ಸಿಟ್ಟು ಅರ್ಧ ಇಳಿಯಿತು.

ಆಮೇಲೆ ನಿಜವಾದ ಟೋಪಾಜನ್ನೂ ಧರಿಸಿ ನೋಡಿದೆ. ಹತ್ತರವರೆಗಿನ ಮೋಸ್ ಗಡಸುತನದ ಮಾಪಕದಲ್ಲಿ ಸಿಟ್ರಿನ್ 7, ಇದು 8. ಆದರೆ ಒಂದು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ನನ್ನದು ನಲ್ಲಿಗೆ ತಗುಲಿ ಒಳಗೆ ಬಿರುಕು ಬಿಟ್ಟಿತು. ಅದರ ಹೆಸರೂ ಎರವಲೇ: ಕೆಂಪು ಸಮುದ್ರದ ದ್ವೀಪವೊಂದರಿಂದ ಬಂದದ್ದು, ಅಲ್ಲಿ ಸಿಗುತ್ತಿದ್ದುದು ಪೆರಿಡಾಟ್ ಎಂಬ ಹಸಿರು ಹರಳು. ಹಳೆಯ ಗ್ರಂಥಗಳು ‘ಟೋಪಾಜ್’ಗೆ ಹೇಳಿದ ಮಹಿಮೆಗಳು ಯಾವ ಕಲ್ಲಿಗೆ ಸಲ್ಲಬೇಕೋ!

ಕಥೆಗಾಗಿ ಕೊಳ್ಳುವುದಾದರೆ ಅಂಬರ್. ಅದು ಕಲ್ಲೇ ಅಲ್ಲ, ಮರದ ಅಂಟು. ಬಾಲ್ಟಿಕ್ ತೀರದ್ದಕ್ಕೆ ನಾಲ್ಕು ಕೋಟಿ ವರ್ಷಗಳ ಆಸುಪಾಸಿನ ವಯಸ್ಸು. ಗ್ರೀಕರಿಗೆ ಅದು ಸತ್ತ ಸೂರ್ಯಪುತ್ರ ಫೇತನ್‌ಗಾಗಿ ಅವನ ಅಕ್ಕತಂಗಿಯರು ಸುರಿಸಿದ ಕಣ್ಣೀರು. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವುದರಿಂದ ನಮ್ಮಲ್ಲಿ ತೃಣಮಣಿ. ಆದರೆ ಉಂಗುರ ತೆಗೆಯದೆ ಪಾತ್ರೆ ತೊಳೆಯುವ, ಸುಗಂಧ ಸಿಂಪಡಿಸಿಕೊಳ್ಳುವ ನನ್ನಂಥವಳ ಕೈಯಲ್ಲಿ ಅದು ಕೆಲವೇ ತಿಂಗಳಲ್ಲಿ ಮಂಕಾಯಿತು.

ಕನಕ ಪುಷ್ಯರಾಗ, ಅಂದರೆ ನೀಲಮಣಿಯ ಜಾತಿಯದೇ ಹಳದಿ ಹರಳು, ಗುರುಗ್ರಹದ ರತ್ನ. ಬೇರೆಯವರ ಬೆರಳಲ್ಲಿ ನೋಡಿ ಸಂತೋಷಪಟ್ಟೆ. ನನ್ನ ಕೈಗೆ ಎಟುಕುವಂಥದ್ದಲ್ಲ.

ಸಿಟ್ರಿನ್ನನ್ನು ವ್ಯಾಪಾರಿಯ ಕಲ್ಲು ಎನ್ನುತ್ತಾರೆ, ಲಾಭ ತರುತ್ತದಂತೆ. ಅದು ನಿಜ. ಲಾಭ ಮಾರಿದವರಿಗಾಯಿತು.